ಜರ್ಸಿಯಲ್ಲಿ ಉಳಿದಿದ್ದ ಅಪ್ಪನ ದುಡ್ಡು: 23 ತಿಂಗಳ ಅಲೆದಾಟ

ಜರ್ಸಿ ಅಂದರೆ ನನಗೆ ಗೊತ್ತಿದ್ದದ್ದು ಎರಡೇ. ಒಂದು ಊರಿನಲ್ಲಿ ಅಜ್ಜಿ ಕಟ್ಟಿರುವ ಹಸು, ಇನ್ನೊಂದು ಕ್ರಿಕೆಟ್ ಆಟಗಾರರು ಹಾಕುವ ಅಂಗಿ. ಎರಡಕ್ಕೂ ಹೆಸರು ಬಂದದ್ದು ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಸಮುದ್ರದ ಒಂದೇ ದ್ವೀಪದಿಂದ, ಆ ದ್ವೀಪದ ಬ್ಯಾಂಕಿನಲ್ಲಿ ನಮ್ಮಪ್ಪನ ದುಡ್ಡಿದೆ ಅಂತ ಗೊತ್ತಾಗಿದ್ದು ಅವರು ತೀರಿಕೊಂಡ ಎರಡು ತಿಂಗಳಿಗೆ.

ಅಪ್ಪ ಹೋಗಿದ್ದು 2023ರ ಆಗಸ್ಟ್‌ನಲ್ಲಿ. ತಿಂಗಳ ಮಾಸಿಕ ಎಲ್ಲ ಮುಗಿಸಿ, ಅಕ್ಟೋಬರ್‌ನಲ್ಲಿ ಅವರ ಆಡಿಟರ್ ಹತ್ತಿರ ಹೋದೆ. ಅವರು ಫೈಲ್ ತಿರುವಿ ಹಾಕುತ್ತಾ, "ಅದ್ಸರಿ, ಆ ಜರ್ಸಿ ಅಕೌಂಟ್ ಏನ್ ಮಾಡ್ತೀರಾ?" ಅಂದರು. ನಾನು ಹಾಲಿನ ಡೈರಿಯ ಲೆಕ್ಕ ಇರಬೇಕು ಅಂದುಕೊಂಡೆ. ನಿಜವಾಗ್ಲೂ. ಆಮೇಲೆ ಅವರು ಅಪ್ಪನ ಆದಾಯ ತೆರಿಗೆ ರಿಟರ್ನ್‌ನ ಶೆಡ್ಯೂಲ್ ಎಫ್‌ಎ ಪುಟ ತೋರಿಸಿದರು. ವಿದೇಶದಲ್ಲಿರುವ ಆಸ್ತಿ, ಖಾತೆ ಬರೆಯುವ ಪುಟ ಅದು. ದೇಶದ ಹೆಸರಿನ ಜಾಗದಲ್ಲಿ ಜರ್ಸಿ ಅಂತಿತ್ತು. ಮೊತ್ತ 61,000 ಪೌಂಡ್‌ಗೆ ಸ್ವಲ್ಪ ಮೇಲೆ. ಅಮ್ಮನಿಗೆ ಹೇಳಿದರೆ, "ಮಸ್ಕತ್‌ನಲ್ಲಿದ್ದಾಗ ಏನೋ ಒಂದು ಮಾಡಿಸಿದ್ರು, ಆ ದುಡ್ಡು ಮುಟ್ಟಬಾರ್ದು ಅಂತಿದ್ರು" ಅಂದಳು. ಅಷ್ಟೇ.

ಅದನ್ನು ಮೈಸೂರಿನ ಮನೆಗೆ ತರಲು ನಮಗೆ 23 ತಿಂಗಳು ಬೇಕಾಯಿತು. ಮುಗಿದದ್ದು 2025ರಲ್ಲಿ. ಕೊಲ್ಲಿಯಲ್ಲೋ ಆಫ್ರಿಕದಲ್ಲೋ ದುಡಿದು ಬಂದ ಹಿರಿಯರು ಇರುವ ಮನೆಗಳಲ್ಲಿ ಇಂಥ ಖಾತೆ ಇನ್ನೂ ಇರಬಹುದು. ಅವರಿಗಾಗಿ ಬರೆಯುತ್ತಿದ್ದೇನೆ.

ವಿಷಯ ಗೊತ್ತಾದ ಕೂಡಲೇ ನನಗೆ ಆಗಿದ್ದು ಭಯ. ಸಂತೋಷ ಅಲ್ಲ. ನೆಂಟರೊಬ್ಬರು ಕೇಳಿದ ತಕ್ಷಣ, "ಓಹೋ, ಸ್ವಿಸ್ ಬ್ಯಾಂಕ್ ತರಾನಾ?" ಅಂತ ಕಣ್ಣು ಮಿಟುಕಿಸಿದರು. ರಾತ್ರಿ ನಿದ್ದೆ ಬರಲಿಲ್ಲ. ಅಪ್ಪ ಸಿವಿಲ್ ಎಂಜಿನಿಯರ್. ರಸ್ತೆ ಕೆಲಸದ ಸೈಟ್‌ನಲ್ಲಿ ಬಿಸಿಲಲ್ಲಿ ನಿಂತು 19 ವರ್ಷ ದುಡಿದವರು. ಅವರಿಗೆ ಇದೆಲ್ಲ ಯಾಕೆ ಬೇಕಿತ್ತು?

ವಿಚಾರಿಸುತ್ತಾ ಹೋದಂತೆ ತಿಳಿಯಿತು. ಆ ಕಾಲದಲ್ಲಿ ಹೊರದೇಶದಲ್ಲಿ ಕೆಲಸ ಮಾಡುವವರಿಗೆ ಬ್ರಿಟಿಷ್ ಬ್ಯಾಂಕುಗಳು ಇಂಥ ಖಾತೆಯನ್ನು ಜರ್ಸಿಯಲ್ಲೇ ತೆರೆದುಕೊಡುತ್ತಿದ್ದವು. ಈಗಲೂ ಕೊಡುತ್ತವೆ. ಪೌಂಡ್‌ನಲ್ಲಿ ಇಡಬಹುದು, ಡಾಲರ್‌ನಲ್ಲಿ ಇಡಬಹುದು. ಕೆಲಸ ಒಮಾನ್‌ನಿಂದ ಕುವೈತ್‌ಗೆ ಬದಲಾದರೂ ಖಾತೆ ಬದಲಾಗದು. ಹೊರಗಿನವರ ಬಡ್ಡಿಗೆ ಅಲ್ಲಿ ತೆರಿಗೆ ಹಿಡಿಯುವುದಿಲ್ಲ. ಊರಿಗೆ ವಾಪಸ್ ಬಂದ ಮೇಲೂ, ಹೊರದೇಶದಲ್ಲಿದ್ದಾಗ ಗಳಿಸಿದ್ದನ್ನು ಹಾಗೇ ಇಟ್ಟುಕೊಳ್ಳಲು ವಿದೇಶಿ ವಿನಿಮಯದ ನಮ್ಮ ಫೆಮಾ ಕಾಯ್ದೆಯ 6(4)ನೇ ಸೆಕ್ಷನ್ ಬಿಡುತ್ತದೆ. ಇಲ್ಲಿ ರಿಟರ್ನ್‌ನಲ್ಲಿ ತೋರಿಸಬೇಕು, ಬಡ್ಡಿಗೆ ಇಲ್ಲಿ ತೆರಿಗೆ ಕಟ್ಟಬೇಕು, ಅಷ್ಟೇ. ಅಪ್ಪ ಎರಡನ್ನೂ ಮಾಡಿದ್ದರು. ಆಡಿಟರ್ ಅದನ್ನು ಹೇಳಿದ ದಿನ ನಾನು ಹೊಟ್ಟೆ ತುಂಬ ಊಟ ಮಾಡಿದೆ.

ಇಲ್ಲೊಂದು ಮಾತು. "ಅಲ್ಲಿರೋದು ಯಾರಿಗೆ ಗೊತ್ತಾಗುತ್ತೆ" ಅನ್ನುವ ಕಾಲ ಹೋಗಿದೆ. ಭಾರತ ಮತ್ತು ಜರ್ಸಿ ನಡುವೆ 2011ರಲ್ಲೇ ಮಾಹಿತಿ ಹಂಚಿಕೊಳ್ಳುವ ಒಪ್ಪಂದ ಆಗಿದೆ. 2017ರಿಂದ ಖಾತೆಗಳ ವಿವರ ಪ್ರತಿವರ್ಷ ತಾನಾಗೇ ನಮ್ಮ ಆದಾಯ ತೆರಿಗೆ ಇಲಾಖೆಗೆ ಬರುತ್ತದೆ. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ದಂಡ. 2024ರ ಅಕ್ಟೋಬರ್‌ನಿಂದ, ಸ್ಥಿರಾಸ್ತಿ ಬಿಟ್ಟು ಒಟ್ಟು 20 ಲಕ್ಷದವರೆಗೆ ಇದ್ದರೆ ಆ ದಂಡದಿಂದ ವಿನಾಯಿತಿ ಇದೆ. ನಮ್ಮದು ಅದಕ್ಕಿಂತ ಜಾಸ್ತಿ. ನಿಮ್ಮ ಮನೆಯ ಹಿರಿಯರಿಗೆ ಯಾರಾದರೂ ಸಹಜ್ ಅನ್ನುವ ಸರಳ ರಿಟರ್ನ್ ಫಾರ್ಮ್ (ಐಟಿಆರ್-1) ತುಂಬಿಕೊಡುತ್ತಿದ್ದರೆ ನಿಲ್ಲಿಸಿ. ಅದರಲ್ಲಿ ವಿದೇಶಿ ಖಾತೆ ಬರೆಯುವ ಜಾಗವೇ ಇಲ್ಲ.

ಇನ್ನು ನಾನು ಮಾಡಿದ ಮೊದಲ ದಡ್ಡತನ. ಜರ್ಸಿ ಇಂಗ್ಲೆಂಡಿನ ಒಂದು ಜಿಲ್ಲೆ ಅಂದುಕೊಂಡು, ಅಲ್ಲಿನ ಪ್ರೊಬೇಟ್ ಕೆಲಸ, ಅಂದರೆ ಸತ್ತವರ ಆಸ್ತಿ ಬಿಡಿಸಿಕೊಳ್ಳಲು ಕೋರ್ಟಿನ ಅನುಮತಿ, ಮಾಡಿಸಿಕೊಡುವ ಏಜೆಂಟ್ ಒಬ್ಬರಿಗೆ 150 ಪೌಂಡ್ ಕಟ್ಟಿದೆ. ಮೂರು ವಾರ ಆದ ಮೇಲೆ ಅವರು, "ಇದು ನಮ್ಮ ವ್ಯಾಪ್ತಿಗೆ ಬರಲ್ಲ" ಅಂದರು. ದುಡ್ಡು ವಾಪಸ್ ಬರಲಿಲ್ಲ. ಜರ್ಸಿ ಬ್ರಿಟನ್ನಿನ ಭಾಗವೇ ಅಲ್ಲ. ರಾಜ ಒಬ್ಬನೇ, ಉಳಿದದ್ದೆಲ್ಲ ಬೇರೆ. ತನ್ನದೇ ಶಾಸನಸಭೆ, ತನ್ನದೇ ಕೋರ್ಟು, ತನ್ನದೇ ನೋಟು. ಮ್ಯಾಪ್‌ನಲ್ಲಿ ನೋಡಿದರೆ ಫ್ರಾನ್ಸ್‌ಗೆ ಅಂಟಿಕೊಂಡಂತಿದೆ. 1204ರಲ್ಲಿ ಇಂಗ್ಲೆಂಡಿನ ರಾಜ ಜಾನ್ ನಾರ್ಮಂಡಿಯನ್ನು ಕಳೆದುಕೊಂಡಾಗ ಈ ದ್ವೀಪಗಳು ಮಾತ್ರ ಅವನ ಕೈಯಲ್ಲಿ ಉಳಿದವಂತೆ. 800 ವರ್ಷದ ಹಿಂದಿನ ಆ ಕಥೆಗೆ ನಾನು 150 ಪೌಂಡ್ ದಂಡ ಕಟ್ಟಿದೆ. ಅಲ್ಲಿಯ ಬ್ಯಾಂಕಿನಲ್ಲಿ ನಮ್ಮದರಷ್ಟು ದುಡ್ಡಿದ್ದರೆ ಜರ್ಸಿ ಕೋರ್ಟಿನ ಅನುಮತಿ ಪತ್ರವೇ ಬೇಕು, ಇಂಗ್ಲೆಂಡಿನ ಏಜೆಂಟ್‌ಗಳ ಹತ್ತಿರ ಹೋಗಬೇಡಿ.

ಬ್ಯಾಂಕಿಗೆ ಇಮೇಲ್ ಮಾಡಿದೆ. ನಮ್ಮಲ್ಲಿರುವ ಹಾಗೆ ನಾಮಿನಿ ಇದ್ದಾರಾ ಅಂತ ಕೇಳಿದೆ. ಅಂಥದ್ದೇನೂ ಇಲ್ಲ ಅಂದರು. ಜಂಟಿ ಖಾತೆ ಆಗಿದ್ದರೆ ಅಮ್ಮನ ಹೆಸರಿಗೆ ಸುಲಭವಾಗಿ ಬರುತ್ತಿತ್ತಂತೆ. ಅಪ್ಪನ ಒಬ್ಬರ ಹೆಸರಲ್ಲೇ ಇತ್ತು. ಖಾತೆ ಫ್ರೀಜ್ ಆಯಿತು. ಹದಿನೈದು ದಿನಕ್ಕೆ ಒಂದು ಪತ್ರ ಬಂತು, ಮಾನ್ಯರೇ ಅಂತ ಅಪ್ಪನ ಹೆಸರಿಗೇ! ನಿಮ್ಮ ಮರಣದ ಸುದ್ದಿ ತಲುಪಿದೆ ಅಂತಿರಲಿಲ್ಲ, ಅದೊಂದು ಪುಣ್ಯ. ಅಮ್ಮ ಆ ಪತ್ರ ನೋಡಿ ಒಂದಿಡೀ ದಿನ ಮಾತಾಡಲಿಲ್ಲ.

ಅಪ್ಪ ವಿಲ್ ಬರೆದಿರಲಿಲ್ಲ. ಹಾಗಾದರೆ ಯಾರಿಗೆ ಸೇರಬೇಕು? ಸತ್ತವರ ಕಾಯಂ ನೆಲೆ ಎಲ್ಲೋ ಅಲ್ಲಿಯ ಕಾನೂನಿನಂತೆ ದುಡ್ಡು ಹಂಚಬೇಕು ಅನ್ನುತ್ತದೆ ಜರ್ಸಿ. ಅಂದರೆ ನಮ್ಮ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ನಾನು, ತಂಗಿ, ಅಮ್ಮ ಅಂತ ಮೂರು ಹೆಸರು ಬರೆದುಕೊಂಡು ವಕೀಲರ ಹತ್ತಿರ ಹೋದೆ. ಅವರು ಕನ್ನಡಕ ಮೇಲೆತ್ತಿ, "ನಿಮ್ಮ ತಂದೆಯವರ ತಾಯಿ ಇದ್ದಾರಾ?" ಅಂದರು.

ಇದ್ದಾರೆ. ಕೆ.ಆರ್. ಪೇಟೆ ಹತ್ತಿರ ಹಳ್ಳಿಯಲ್ಲಿ. 91 ವರ್ಷ. ಈಗಲೂ ಹಸು ಕರೆಯುವುದು ಅವರೇ.

ಮಗ ವಿಲ್ ಬರೆಯದೆ ಸತ್ತರೆ, ಹೆಂಡತಿ ಮಕ್ಕಳ ಜೊತೆ ತಾಯಿಗೂ ಸಮಪಾಲು. ಇದನ್ನು ತುಂಬ ಜನ ಮರೆಯುತ್ತಾರೆ ಅಂತ ವಕೀಲರು ಹೇಳಿದರು. ನಾನಂತೂ ಮರೆತಿದ್ದೆ, ನಾಚಿಕೆ ಆಯಿತು. ಮೂರು ಪಾಲು ಅಂದುಕೊಂಡದ್ದು ನಾಲ್ಕಾಯಿತು. ಅಜ್ಜಿ ಪಾಲು ಬಿಟ್ಟುಕೊಟ್ಟರೆ ಕಾಗದಪತ್ರ ಸ್ವಲ್ಪ ಸಲೀಸು ಅಂತ ಯಾರೋ ಸಲಹೆ ಕೊಟ್ಟರು. ಊರಿಗೆ ಹೋಗಿ ಸುಮ್ನೆ ಕೇಳಿ ನೋಡಿದೆ. "ಯಾಕ್ಲಾ ಬುಡ್ಬೇಕು? ನನ್ ಮಗ ದುಡ್ದಿದ್ದಲ್ವಾ?" ಅಂದರು. ಅಲ್ಲಿಗೆ ಆ ವಿಷಯ ಮುಗಿಯಿತು.

2024ರ ಜನವರಿಯಲ್ಲಿ ಮೈಸೂರು ಕೋರ್ಟಿನಲ್ಲಿ ಉತ್ತರಾಧಿಕಾರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದೆವು. ನಾಡಕಚೇರಿಯಿಂದ ವಂಶವೃಕ್ಷ, ಮರಣ ಪತ್ರ, ಎಲ್ಲರ ಆಧಾರ್, ಬ್ಯಾಂಕಿನ ಬ್ಯಾಲೆನ್ಸ್ ಪತ್ರ. ನೋಟಿಸ್ ಹೋಯಿತು, ಪೇಪರ್ ಪಬ್ಲಿಕೇಷನ್ ಆಯಿತು, ಡೇಟ್ ಮೇಲೆ ಡೇಟ್ ಬಿತ್ತು. ಆ ಹನ್ನೊಂದು ತಿಂಗಳ ಬಗ್ಗೆ ಬರೆಯಲು ಏನೂ ಇಲ್ಲ. ಕೋರ್ಟ್ ಕಾರಿಡಾರಿನ ಬೆಂಚು, ಎದುರಿನ ಅಂಗಡಿಯ ಚಹಾ, ಅಷ್ಟೇ. ಡಿಸೆಂಬರ್‌ನಲ್ಲಿ ಪ್ರಮಾಣಪತ್ರ ಕೈಗೆ ಬಂತು. ದೃಢೀಕೃತ ಪ್ರತಿ ಒಂದೇ ತಗೋಬೇಡಿ, ಮೂರಾದರೂ ತಗೊಳ್ಳಿ.

ನಮ್ಮನ್ನು ನಿಜವಾಗಿ ಸತಾಯಿಸಿದ್ದು ಕೋರ್ಟ್ ಅಲ್ಲ, ಅಪ್ಪನ ಹೆಸರು. ಪಾಸ್‌ಪೋರ್ಟಿನಲ್ಲಿ ಅಜ್ಜನ ಹೆಸರು ಪೂರ್ತಿಯಾಗಿ ಸರ್‌ನೇಮ್ ಜಾಗದಲ್ಲಿ ಕೂತಿತ್ತು. ಬ್ಯಾಂಕಿನವರು ಅದನ್ನೇ ಹಿಡಿದು, ನಮ್ಮಪ್ಪನನ್ನು ಮೂವತ್ತು ವರ್ಷ ಅಜ್ಜನ ಹೆಸರಿನಿಂದಲೇ ಕರೆದಿದ್ದಾರೆ. ಆಧಾರ್‌ನಲ್ಲಿ ಎರಡು ಇನಿಷಿಯಲ್, ಊರಿನದೊಂದು, ಅಜ್ಜನದೊಂದು. ಮರಣ ಪತ್ರದಲ್ಲಿ ಒಂದೇ ಇನಿಷಿಯಲ್. ಪಹಣಿಯಲ್ಲಿ ಹೆಸರಿನ ಕೊನೆಗೆ ಗೌಡ ಸೇರಿಕೊಂಡಿದೆ. ನಮಗೆ ನಾಲ್ಕೂ ಒಬ್ಬರೇ ಅಂತ ಯಾರೂ ಹೇಳಬೇಕಾಗಿಲ್ಲ. ಇನಿಷಿಯಲ್ ಅನ್ನೋದೇ ಗೊತ್ತಿಲ್ಲದ ಊರಿನವರಿಗೆ ಇವರು ನಾಲ್ಕು ಜನ. ಈ ಎಲ್ಲ ಹೆಸರಿನ ವ್ಯಕ್ತಿ ಒಬ್ಬರೇ ಅಂತ ಅಮ್ಮ ಅಫಿಡವಿಟ್ ಮಾಡಿಕೊಡಬೇಕಾಯಿತು. ಅದರ ಜೊತೆಗೆ, ದಕ್ಷಿಣ ಭಾರತದಲ್ಲಿ ಹೆಸರು ಇಡುವ ಕ್ರಮ ಹೇಗೆ ಅಂತ ನಾನೇ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ಕಳಿಸಿದೆ. ಅದನ್ನು ಓದಿ ಅವರಿಗೆ ಖುಷಿ ಆಯಿತಂತೆ.

ಎರಡನೇ ಎಡವಟ್ಟು ಲ್ಯಾಮಿನೇಷನ್. ಮರಣ ಪತ್ರ ಹಾಳಾಗಬಾರದು ಅಂತ ನಾನೇ ಪ್ರೀತಿಯಿಂದ ಲ್ಯಾಮಿನೇಟ್ ಮಾಡಿಸಿದ್ದೆ. ಹೊರದೇಶಕ್ಕೆ ಹೋಗುವ ದಾಖಲೆಗೆ ಅಪಾಸ್ಟೀಲ್ ಅನ್ನುವ ಮುದ್ರೆ ಬೇಕು. ಭಾರತ 2005ರಿಂದ ಆ ಒಪ್ಪಂದದಲ್ಲಿದೆ, ಆದ್ದರಿಂದ ರಾಯಭಾರ ಕಚೇರಿಗೆ ಅಲೆಯುವುದು ತಪ್ಪುತ್ತದೆ. ಮೊದಲು ನೋಟರಿ, ಆಮೇಲೆ ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಸ್ಟಿಕ್ಕರ್. ಪ್ಲಾಸ್ಟಿಕ್ ಮೇಲೆ ಸೀಲು ಹೇಗೆ ಹೊಡೆಯೋದು? ವಾಪಸ್ ಕಳಿಸಿದರು. ಹೊಸ ಪ್ರತಿ ತೆಗೆಸಿದೆ. ದಯವಿಟ್ಟು ಯಾವ ಮೂಲ ಪತ್ರವನ್ನೂ ಲ್ಯಾಮಿನೇಟ್ ಮಾಡಿಸಬೇಡಿ. ಒಂದು ದಾಖಲೆಗೆ ಸಚಿವಾಲಯದ ಶುಲ್ಕ 50 ರೂಪಾಯಿ. ನಾನು ಏಜೆಂಟ್‌ಗೆ ಕೊಟ್ಟಿದ್ದು ದಾಖಲೆಗೆ 2,500. ಬೆಂಗಳೂರಿಗೆ ನಾಲ್ಕು ಸಲ ಹೋಗುವ ಪುರುಸೊತ್ತು ಇದ್ದರೆ ನೀವೇ ಮಾಡಿಸಿ.

2025ರ ಫೆಬ್ರವರಿಯಲ್ಲಿ ಜರ್ಸಿಯ ಒಬ್ಬ ವಕೀಲರನ್ನು ಗೊತ್ತು ಮಾಡಿದೆವು. ನಾವೇ ಅಲ್ಲಿಗೆ ಹೋಗಿ ಪ್ರಮಾಣ ಮಾಡಿ ಅರ್ಜಿ ಹಾಕುವುದಕ್ಕಿಂತ, ಅಲ್ಲಿಯ ವಕೀಲರಿಗೆ ಅಮ್ಮ ಪವರ್ ಆಫ್ ಅಟಾರ್ನಿ ಕೊಡುವುದು ಅಗ್ಗ. ಫೀ ಮೊದಲೇ ಮಾತಾಡಿಕೊಳ್ಳಿ. ಗಂಟೆ ಲೆಕ್ಕದವರೂ ಇದ್ದಾರೆ, ಒಟ್ಟು ಮೊತ್ತಕ್ಕೆ ಒಪ್ಪುವವರೂ ಇದ್ದಾರೆ. ನಮ್ಮದು ಒಟ್ಟು 1,100 ಪೌಂಡ್‌ಗೆ ಆಯಿತು.

ಅಲ್ಲಿಂದ ಪ್ರಶ್ನೆಗಳ ಸುರಿಮಳೆ. ಈ ದುಡ್ಡು ಹೇಗೆ ಬಂತು? ಅಪ್ಪನ ಕೆಲಸ ಏನು, ಸಂಬಳ ಎಷ್ಟಿತ್ತು, ಪುರಾವೆ ಏನು? ಅಟ್ಟದ ಮೇಲಿನ ಟ್ರಂಕ್ ಇಳಿಸಿದೆವು. ಮಸ್ಕತ್‌ನ ಕಂಪನಿಯ ನೇಮಕ ಪತ್ರ, ಮಾಸಿದ ಸಂಬಳದ ಚೀಟಿಗಳು. ಒಂದು ಚೀಟಿಯ ಹಿಂದೆ ಅಪ್ಪ ಪೆನ್ಸಿಲ್‌ನಲ್ಲಿ ಲೆಕ್ಕ ಬರೆದಿದ್ದರು. ಮನೆಗೆ ಇಷ್ಟು, ಅವ್ವನಿಗೆ ಇಷ್ಟು, ಜರ್ಸಿಗೆ ಇಷ್ಟು. ಜರ್ಸಿಗೆ ಬರೆದದ್ದೇ ಎಲ್ಲಕ್ಕಿಂತ ಕಮ್ಮಿ.

ನಾಲ್ಕೂ ವಾರಸುದಾರರ ಗುರುತು, ವಿಳಾಸದ ಪುರಾವೆ ಬೇಕು ಅಂದರು. ಅಜ್ಜಿಗೆ ಪಾಸ್‌ಪೋರ್ಟ್ ಇಲ್ಲ. ಕರೆಂಟ್ ಬಿಲ್ ಇನ್ನೂ ಅಜ್ಜನ ಹೆಸರಲ್ಲಿದೆ, ಅಜ್ಜ ಹೋಗಿ 26 ವರ್ಷ ಆಗಿದೆ. ಕೊನೆಗೆ ಆಧಾರ್‌ನ ನೋಟರಿ ಪ್ರತಿ ಮತ್ತು ಊರಿನ ಬ್ಯಾಂಕ್ ಮ್ಯಾನೇಜರ್ ಕೊಟ್ಟ ಪತ್ರ, ಇವೆರಡಕ್ಕೆ ಒಪ್ಪಿದರು. ಅಜ್ಜಿಯ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿ, ಅರ್ಥ ಆಗಿದೆ ಅಂತ ಬರೆಸಿ, ಹೆಬ್ಬೆಟ್ಟು ಹಾಕಿಸಬೇಕು.

ನೋಟರಿಯವರನ್ನು 2,000 ಕೊಟ್ಟು ಕೆ.ಆರ್. ಪೇಟೆಯಿಂದ ಕರೆದುಕೊಂಡು ಹೋದೆ. ಜಗಲಿ ಮೇಲೆ ಚಾಪೆ ಹಾಕಿ ಕೂತೆವು. ಇಂಕ್ ಪ್ಯಾಡ್ ಒಣಗಿತ್ತು, ಎರಡು ಹನಿ ನೀರು ಬಿಟ್ಟರು. ಅಜ್ಜಿ ಎಡಗೈ ಹೆಬ್ಬೆರಳನ್ನು ಸೆರಗಿಗೆ ಉಜ್ಜಿ ಕೊಟ್ಟರು. ಒತ್ತಿದರೆ ಬರೀ ನೀಲಿ ಮಚ್ಚೆ, ಗೆರೆಯೇ ಇಲ್ಲ. ಎಪ್ಪತ್ತು ವರ್ಷ ಹಾಲು ಕರೆದು, ಕಳೆ ಕಿತ್ತು, ಬೆರಳು ಸವೆದುಹೋಗಿದೆ. ಮೂರನೇ ಸಲ ಅಂಚಿನಲ್ಲಿ ನಾಲ್ಕೈದು ಗೆರೆ ಮೂಡಿತು.

"ಯಾವೂರ್ಗ್ಲಾ ಇದು ಹೋಗೋದು?"

"ಜರ್ಸಿ ಅಂತ ಅಜ್ಜಿ. ಸಮುದ್ರದ ಮಧ್ಯೆ ಇದೆ."

ಅಜ್ಜಿ ಕೊಟ್ಟಿಗೆ ಕಡೆ ನೋಡಿದರು. "ಹಸೀನ ಊರಾ?"

ಹೌದು ಅಂದೆ. ನೋಟರಿಯವರು ನಕ್ಕರು, ಅಜ್ಜಿ ನಗಲಿಲ್ಲ.

ಹಸು ಅಂದದ್ದಕ್ಕೆ ಇನ್ನೊಂದು ಸಂಗತಿ. ತಮ್ಮ ತಳಿ ಕೆಡಬಾರದು ಅಂತ ಆ ದ್ವೀಪದವರು 1789ರಲ್ಲೇ ಹೊರಗಿನ ಹಸು ತರುವುದನ್ನು ಕಾನೂನು ಮಾಡಿ ನಿಲ್ಲಿಸಿದ್ದರು. ಹಸು, ಆಲೂಗಡ್ಡೆ, ಬೇಸಿಗೆ ಪ್ರವಾಸಿಗರು, ಇದೇ ಅವರ ಬದುಕು. ಆಮೇಲೆ 1962ರಲ್ಲಿ, ಬಡ್ಡಿ ಶೇ 5 ದಾಟಬಾರದು ಅನ್ನುವ ಹಳೇ ಕಾನೂನನ್ನು ತೆಗೆದುಹಾಕಿದರು. ಲಂಡನ್ನಿನ ಬ್ಯಾಂಕುಗಳು ಒಂದೊಂದಾಗಿ ಬಂದವು. ಹೊರಗಿನ ಹಸು ಬರುವ ಹಾಗಿರಲಿಲ್ಲ, ಹೊರಗಿನ ದುಡ್ಡು ಬರಬಹುದಿತ್ತು. ಈಗ ಸುಮಾರು 1 ಲಕ್ಷ ಜನರ ಆ ದ್ವೀಪದಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಗೆ ಹಣಕಾಸಿನದೇ ಕೆಲಸ. ಹೆಚ್ಚಿನ ಕಂಪನಿಗಳಿಗೆ ಲಾಭದ ಮೇಲೆ ತೆರಿಗೆ ಸೊನ್ನೆ, ಹಣಕಾಸು ಕಂಪನಿಗಳಿಗೆ ಶೇ 10. ಅಲ್ಲಿಯ ನಿವಾಸಿಗಳ ಆದಾಯಕ್ಕೆ ಗರಿಷ್ಠ ಶೇ 20. ಆಸ್ತಿ ಮಾರಿ ಬಂದ ಲಾಭಕ್ಕೆ ತೆರಿಗೆ ಇಲ್ಲ, ಪಿತ್ರಾರ್ಜಿತಕ್ಕೂ ತೆರಿಗೆ ಇಲ್ಲ. ಅಲ್ಲಿ ಓಡಾಡುವುದು ಹೆಚ್ಚಾಗಿ ದೊಡ್ಡ ಫಂಡುಗಳ, ಟ್ರಸ್ಟುಗಳ ದುಡ್ಡು. ನಮ್ಮಪ್ಪನದು ಆ ಸಮುದ್ರದಲ್ಲಿ ಒಂದು ಉದ್ಧರಣೆ ನೀರು.

ಇಷ್ಟು ಪ್ರಶ್ನೆ ಯಾಕೆ ಅಂತ ಒಮ್ಮೆ ಫೋನಿನಲ್ಲಿ ಕೇಳಿಯೇಬಿಟ್ಟೆ. ಕಪ್ಪುಹಣದ ದ್ವೀಪ ಅನ್ನುವ ಹೆಸರು ಅಂಟಿಕೊಂಡರೆ ಊರಿನ ಹೊಟ್ಟೆಗೇ ಏಟು, ಅದಕ್ಕೇ ಇಷ್ಟು ಬಿಗಿ ಅಂತ ವಕೀಲರ ಸಹಾಯಕಿ ಹೇಳಿದರು. ಒಪ್ಪುವ ಮಾತು. ಆದರೆ ಕಂಪನಿ ಒಳಗೆ ಕಂಪನಿ ಕಟ್ಟಿಕೊಂಡು ಬರುವ ದೊಡ್ಡವರಿಗೆ ಹತ್ತು ಜನ ವಕೀಲರು ಉತ್ತರ ಬರೆದುಕೊಡುತ್ತಾರೆ. ಕರೆಂಟ್ ಬಿಲ್‌ಗೆ ಒದ್ದಾಡುವುದು ನಮ್ಮಜ್ಜಿ. ನನಗೆ ಅನ್ನಿಸಿದ್ದನ್ನು ಬರೆದೆ.

ಏಪ್ರಿಲ್ ಕೊನೆಗೆ ಕೊರಿಯರ್ ಹೋಯಿತು. ಮೇ 9ರಂದು ಅವರು ಉತ್ತರ ಕೊಡಬೇಕಿತ್ತು ಅಂತ ನಾನೇ ಲೆಕ್ಕ ಹಾಕಿ, ಮಧ್ಯಾಹ್ನದಿಂದ ಫೋನ್ ಮಾಡಿದೆ. ಬೇಸಿಗೆಯಲ್ಲಿ ನಮಗೂ ಅವರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಯಾರೂ ಎತ್ತಲಿಲ್ಲ. ಬ್ಯಾಂಕಿಗೆ ಮಾಡಿದೆ, ಅಲ್ಲೂ ಇಲ್ಲ. ರಾತ್ರಿ ಒಂಬತ್ತರ ಹೊತ್ತಿಗೆ ತಲೆ ಏನೇನೋ ಯೋಚಿಸಲು ಶುರು ಮಾಡಿತು. ಮೋಸ ಹೋದೆವಾ? ಸೋಮವಾರ ಗೊತ್ತಾಯಿತು, ಮೇ 9 ಅವರ ವಿಮೋಚನಾ ದಿನ. 1945ರಲ್ಲಿ ಜರ್ಮನ್ ಸೇನೆಯಿಂದ ದ್ವೀಪ ಬಿಡುಗಡೆಯಾದ ದಿನ. ಇಡೀ ಊರಿಗೆ ರಜೆ. ಇಂಗ್ಲೆಂಡಿನ ರಜೆ ಪಟ್ಟಿ ನೋಡಿಕೊಂಡು ಕೂತಿದ್ದೆ ನಾನು.

ಜೂನ್ 17ಕ್ಕೆ ಅನುಮತಿ ಪತ್ರ ಬಂತು. ಅಲ್ಲಿಯ ಸ್ಟ್ಯಾಂಪ್ ಡ್ಯೂಟಿ 350 ಪೌಂಡ್. 10,000ಕ್ಕೆ 50ರಂತೆ, ಚಿಲ್ಲರೆ ಬಂದರೂ ಪೂರ್ತಿ ಲೆಕ್ಕ. ಬ್ಯಾಂಕ್ ದುಡ್ಡನ್ನು ವಕೀಲರ ಖಾತೆಗೆ ಹಾಕಿತು, ಅವರು ಫೀ ಹಿಡಿದುಕೊಂಡು ಅಮ್ಮನ ಖಾತೆಗೆ ಕಳಿಸಿದರು. ಇಲ್ಲಿ ಇನ್ನೊಂದು ಪಾಠ. ನಮ್ಮ ಬ್ಯಾಂಕ್ ಮಾರುಕಟ್ಟೆ ದರಕ್ಕಿಂತ ಪೌಂಡಿಗೆ ಒಂದೂವರೆ ರೂಪಾಯಿ ಕಮ್ಮಿ ಹೇಳಿತು. ಮ್ಯಾನೇಜರ್ ಎದುರು ಕೂತು ಕೇಳಿದೆ, 90 ಪೈಸೆ ಏರಿಸಿದರು. ಕೇಳದಿದ್ದರೆ ಐವತ್ತು ಸಾವಿರಕ್ಕಿಂತ ಜಾಸ್ತಿ ಹೋಗುತ್ತಿತ್ತು. ದುಡ್ಡು ಬಂದ ಕಾರಣ ಪಿತ್ರಾರ್ಜಿತ ಅಂತ ಬರೆಸಿ, ರಸೀದಿ ಇಟ್ಟುಕೊಳ್ಳಿ. ಅಸಲಿಗೆ ಇಲ್ಲಿ ತೆರಿಗೆ ಇಲ್ಲ. ಅಪ್ಪ ಹೋದ ಮೇಲೆ ಸೇರಿದ ಬಡ್ಡಿಗೆ ನಾವು ನಾಲ್ವರೂ ಕಟ್ಟಬೇಕು. ಅಪ್ಪನ ಕೊನೆಯ ರಿಟರ್ನ್ ಹಾಕಲು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಕಾನೂನುಬದ್ಧ ವಾರಸುದಾರ ಅಂತ ನಾನು ಮೊದಲೇ ನೋಂದಾಯಿಸಿಕೊಂಡಿದ್ದೆ. ಅದನ್ನು ತಡಮಾಡಬೇಡಿ. ಇಲ್ಲಿಯ ವಕೀಲರು, ಕೋರ್ಟ್ ಶುಲ್ಕ, ಅಪಾಸ್ಟೀಲ್, ಅನುವಾದ, ಕೊರಿಯರ್, ಅಲ್ಲಿಯ ಖರ್ಚು ಎಲ್ಲ ಸೇರಿ ನಮಗೆ ಮೂರು ಲಕ್ಷದ ಮೇಲೆ ಆಗಿದೆ.

ಅಜ್ಜಿಯ ಪಾಲನ್ನು ಅವರ ಖಾತೆಗೆ ಹಾಕಿ, ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಊರಿಗೆ ಹೋದೆ. ಸಾಯಂಕಾಲ, ಹಾಲು ಕರೆಯುವ ಹೊತ್ತು. ಪಾಸ್‌ಬುಕ್ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದರು. ಓದಿದೆ. "ಇಷ್ಟ್ ದಿನ ಅದ್ಯಾಕ್ಲಾ ಅಲ್ಲೇ ಮಡಗಿದ್ದ?" ಅಂತ ಕೇಳಿದರು. ನನಗೆ ಗೊತ್ತಿದ್ದಷ್ಟು ಹೇಳುವುದರೊಳಗೆ ಚೊಂಬು ಎತ್ತಿಕೊಂಡು ಕೊಟ್ಟಿಗೆಗೆ ಹೋದರು.